ದುಂಡುಮೇಜು ಮತ್ತು ಭೂಮಿಯ ಹಂಚಿಕೆ: ಒಂದು ಆರ್ಥರ್ ಚಿತ್ರವನ್ನು ಕುರಿತು

ವಾರ್ನರ್ ಬ್ರದರ್ಸ್ ಸಂಸ್ಥೆಯು 1998ರಲ್ಲಿ ಹೊರತಂದ ‘ಕ್ವೆಸ್ಟ್ ಫಾರ್ ಕ್ಯಾಮೆಲಾಟ್’ ಎಂಬ ಸಂಗೀತಪ್ರಧಾನ ಅನಿಮೇಷನ್ ಚಿತ್ರವನ್ನು ಮಕ್ಕಳ ವಿನೋದವೆಂದು ಬದಿಗಿರಿಸುವುದು ಸುಲಭ. ಅದರ ಎರಡು ತಲೆಯ ಡ್ರ್ಯಾಗನ್ನಿನ ಹಾಸ್ಯ ನನಗೂ ರುಚಿಸಲಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಪ್ರಸಂಗವೊಂದು ಆರಂಭದಲ್ಲಿಯೇ ಇದೆ. ದುಂಡುಮೇಜಿನ ಸುತ್ತ ನೆರೆದ ವೀರರ ಮುಂದೆ ಆರ್ಥರ್ ದೊರೆಯು ಭೂಮಿಯನ್ನು ಅವರವರ ಅಗತ್ಯಕ್ಕನುಸಾರವಾಗಿ ಹಂಚುವುದಾಗಿ ಸಾರುತ್ತಾನೆ. ತನಗೆ ಎಲ್ಲರಿಗಿಂತಲೂ ಹೆಚ್ಚು ಬೇಕೆಂದು ರೂಬರ್ ಪ್ರತಿಭಟಿಸುತ್ತಾನೆ. ಆ ಕಲಹದಲ್ಲಿ ನಾಯಕಿ ಕೇಲಿಯ ತಂದೆ ಲಯನಲ್ ಹತನಾಗುತ್ತಾನೆ.

ದುಂಡುಮೇಜಿನ ಪ್ರಸ್ತಾಪ ನಮಗೆ ಮೊದಲು ದೊರೆಯುವುದು 1155ರಲ್ಲಿ ವೇಸ್ ಕವಿ ಪೂರೈಸಿದ ಫ್ರೆಂಚ್ ಕಾವ್ಯದಲ್ಲಿ. ಅಲ್ಲಿ ಅದು ಆಸನದ ಮೇಲುಕೀಳನ್ನು ಮಾತ್ರ ನಿವಾರಿಸುತ್ತದೆ. ಭೂಮಿಯ ರೀತಿಯೇ ಬೇರೆ: ಅದೇ ಕಾವ್ಯದಲ್ಲಿ ಆರ್ಥರನು ಬೆಡಿವಿಯರನಿಗೆ ನಾರ್ಮಂಡಿಯನ್ನೂ ಕೇ ಎಂಬವನಿಗೆ ಆಂಜೂವನ್ನೂ ಕೊಡುವುದು ಸೇವೆಗೆ ಪ್ರತಿಫಲವಾಗಿ. ಅಗತ್ಯವೆಂಬುದು ಆ ಸಾಮಂತವ್ಯವಸ್ಥೆಯಲ್ಲಿ ಅಳತೆಗೋಲೇ ಆಗಿರಲಿಲ್ಲ. ಆದುದರಿಂದ ವೇಸನ ಕಾಲದ ಶ್ರೀಮಂತರಿಗೆ ವಿಪರೀತವಾಗಿ ತೋರುತ್ತಿದ್ದುದು ರೂಬರನ ಬೇಡಿಕೆಯಲ್ಲ, ದೊರೆಯ ಘೋಷಣೆ.

ಇಷ್ಟು ಧೈರ್ಯದ ಪ್ರಶ್ನೆಯನ್ನೆತ್ತಿದ ಚಿತ್ರವು ಅದನ್ನು ಅಲ್ಲಿಯೇ ಕೈಬಿಡುವುದು ಶೋಚನೀಯ. ಹತ್ತು ವರ್ಷಗಳ ಬಳಿಕ ಮರಳುವ ರೂಬರ್ ಮಾಯಾದ್ರವದಿಂದ ಲೋಹದ ಭಟರನ್ನು ಸೃಷ್ಟಿಸುವ ಬರಿಯ ರಾಕ್ಷಸ. ಭೂಮಿ ಯಾರಿಗೆ ಎಷ್ಟು ಹಂಚಿಕೆಯಾಯಿತೆಂಬ ಮಾತು ಮತ್ತೆ ಬರುವುದಿಲ್ಲ. ಕೊನೆಗೆ ಕೇಲಿಗೂ ಅಂಧನಾದ ಗ್ಯಾರೆಟ್‌ಗೂ ವೀರಪದವಿ ದೊರೆಯುತ್ತದೆ. ಹೆಣ್ಣೊಬ್ಬಳು ಆ ಸಭೆಯನ್ನು ಸೇರುವುದು ವೇಸನು ಊಹಿಸದ ಸಂಗತಿ, ನಿಜ; ಆದರೂ ಅವಳು ಪಡೆಯುವುದು ಆತನ ಮೇಜು ಕೊಡುತ್ತಿದ್ದ ಆಸನವನ್ನೇ.