ಗಡ್ಡೆ ಕರಗಿದ ಮೇಲೂ ಉಳಿಯುವ ಪ್ರಶ್ನೆ

ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಗೆ ಆಡುಮಾತಿನಲ್ಲಿ ‘ಕರೆಂಟ್ ಕೊಡುವುದು’ ಎಂಬ ಹೆಸರಿದೆ. ವಾರಕ್ಕೆ 5 ದಿನದಂತೆ 6–7 ವಾರಗಳಲ್ಲಿ ಒಟ್ಟು 60ರಿಂದ 70 ಗ್ರೇ ವಿಕಿರಣ ಕೊಡುವುದು ವಾಡಿಕೆ. ರೋಗ ಬಲಿತಿದ್ದರೆ ಸಿಸ್‌ಪ್ಲಾಟಿನ್ ಔಷಧವೂ ಜೊತೆಗೂಡುತ್ತದೆ. ತಲೆ ಅಲುಗದಿರಲೆಂದು ಮುಖದ ಅಚ್ಚಿಗೆ ಒಪ್ಪುವ ಪ್ಲಾಸ್ಟಿಕ್ ಮುಖವಾಡ ತೊಡಿಸಿ ಮೇಜಿಗೆ ಬಿಗಿಯುತ್ತಾರೆ.

ಯಂತ್ರದ ಮಟ್ಟಿಗೆ ಆಗಿರುವ ಸುಧಾರಣೆ ದೊಡ್ಡದು. ಕಿರಣದ ತೀವ್ರತೆಯನ್ನು ಗಡ್ಡೆಯ ಆಕಾರಕ್ಕೆ ಹೊಂದಿಸುವ ಐಎಂಆರ್‌ಟಿ ವಿಧಾನ ಜೊಲ್ಲುಗ್ರಂಥಿಗಳನ್ನು ಸಾಕಷ್ಟು ಉಳಿಸುತ್ತದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಪಾರ್‌ಸ್ಪೋರ್ಟ್’ ಪ್ರಯೋಗದಲ್ಲಿ, ವರ್ಷದ ಬಳಿಕ ಬಾಯಿ ಒಣಗಿ ಕಷ್ಟಪಡುತ್ತಿದ್ದವರು ಹಳೆಯ ವಿಧಾನದಲ್ಲಿ ಶೇ 74, ಹೊಸದರಲ್ಲಿ ಶೇ 38. ತೊಂದರೆ ಅರ್ಧಕ್ಕಿಳಿಯಿತು, ತೀರಲಿಲ್ಲ.

ಉಳಿದ ತೊಂದರೆಗೆ ಯಂತ್ರದಲ್ಲಿ ಉತ್ತರವಿಲ್ಲ. ಎರಡು–ಮೂರನೆಯ ವಾರಕ್ಕೆ ಬಾಯಿ ಹುಣ್ಣಾಗಿ ಗಂಜಿಯೂ ಉರಿಯತೊಡಗುತ್ತದೆ. ಊಟ ಬಿಟ್ಟರೆ ತೂಕ ಇಳಿಯುತ್ತದೆ; ತೂಕ ಇಳಿದರೆ ಮುಖವಾಡ ಸಡಿಲವಾಗಿ ಗುರಿ ತಪ್ಪುವ ಅಪಾಯವಿದೆ. ನಿತ್ರಾಣದಿಂದ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಬಿಡುವು ಸಿಗುತ್ತದೆ. ಆದ್ದರಿಂದ ನೋವಿನ ಮದ್ದು, ಆಹಾರ, ಬೇಕಾದಾಗ ಮೂಗಿನ ನಳಿಕೆ ಇವೆಲ್ಲ ಉಪಚಾರವಲ್ಲ, ಚಿಕಿತ್ಸೆಯದೇ ಅಂಗ.

ಮುನ್ನೆಚ್ಚರಿಕೆಗೂ ಇದೇ ಮಾತು ಸಲ್ಲುತ್ತದೆ. ವಿಕಿರಣ ತಾಗಿದ ದವಡೆಯಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆ ಸಾಯಬಹುದು. ಹುಳುಕು ಹಲ್ಲು ಕೀಳುವುದಿದ್ದರೆ ಎರಡು–ಮೂರು ವಾರ ಮೊದಲೇ ಆಗಬೇಕು. ಗುಟ್ಕಾ, ಅಡಿಕೆ ಜಗಿದು ಮೊದಲೇ ಬಾಯಿ ಬಿಗಿದವರಿಗೆ ದವಡೆ ಇನ್ನಷ್ಟು ಹಿಡಿಯುತ್ತದೆ. ಮೂರು ಬೆರಳು ಒಂದರ ಮೇಲೊಂದಿಟ್ಟರೆ ಬಾಯೊಳಗೆ ಹಿಡಿಸುತ್ತವೆಯೇ ಎಂಬುದು ಸರಳ ಪರೀಕ್ಷೆ. ಬಳಸದ ನುಂಗುವ ಸ್ನಾಯುಗಳೂ ಸೆಡೆಯುತ್ತವೆ. ನಳಿಕೆಯಿದ್ದರೂ, ನೆತ್ತಿಗೇರುವ ಭಯವಿಲ್ಲದಿದ್ದರೆ, ಗುಟುಕು ನೀರು ನುಂಗುವ ಅಭ್ಯಾಸ ನಿಲ್ಲಬಾರದು. ಚಿಕಿತ್ಸೆ ಮುಗಿದ ಮೇಲೆ ಥೈರಾಯ್ಡ್ ಕುಂದಬಹುದಾದ್ದರಿಂದ 6ರಿಂದ 12 ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕು.

ಗಡ್ಡೆ ಕರಗಿಸುವ ಶಕ್ತಿಯಲ್ಲಿ ಈ ಚಿಕಿತ್ಸೆಗೆ ಕೊರತೆಯಿಲ್ಲ, ದೋಷವಿರುವುದು ಅನುಕ್ರಮದಲ್ಲಿ. ದಂತವೈದ್ಯರು, ಆಹಾರತಜ್ಞರು, ನುಂಗುವುದನ್ನು ಕಲಿಸುವ ಥೆರಪಿಸ್ಟರು ಹಾನಿಯಾದ ಮೇಲೆ ಬಂದರೆ ಅವರ ಕೈಯಲ್ಲಿ ಉಳಿಯುವುದು ಅಲ್ಪ. ಮೊದಲ ದಿನದಿಂದಲೇ ಇವರಿರುವ ಕಡೆ ಸ್ಕ್ಯಾನ್ ವರದಿಯೊಂದೇ ಅಳತೆಗೋಲಾಗುವುದಿಲ್ಲ. ರೋಗಿ ಮುದ್ದೆ ನುಂಗಬಲ್ಲನೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.