ಅಂಕಿ ಹಚ್ಚಿದ ಶಾಲೆ

ಭಾಷೆ ಕಲಿಸುವ ಪುಸ್ತಕಗಳಲ್ಲಿ ನನಗೆ ಬಲು ಇಷ್ಟವಾದದ್ದು ಶಿಕ್ಷಣತಜ್ಞ ಕೊಮೇನಿಯಸ್‌ನ ‘ಓರ್ಬಿಸ್ ಪಿಕ್ಟಸ್’. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಈ ಚಿತ್ರಪುಸ್ತಕದಲ್ಲಿ ಲ್ಯಾಟಿನ್, ಜರ್ಮನ್ ಎರಡೂ ಜೊತೆಗಿವೆ. ಶಾಲೆಯ ಪಾಠ ನೋಡಿ: ಮೇಷ್ಟ್ರು, ಅವರ ಕುರ್ಚಿ, ಮಕ್ಕಳು, ಬೆಂಚು, ಸೀಮೆಸುಣ್ಣದಲ್ಲಿ ಬರೆದ ಹಲಗೆ. ಚಿತ್ರದಲ್ಲಿ ಒಂದೊಂದಕ್ಕೂ ಒಂದು ಅಂಕಿ; ಅದೇ ಅಂಕಿ ವಾಕ್ಯದಲ್ಲಿ ಆ ಪದದ ಪಕ್ಕದಲ್ಲೂ ಇದೆ. ಬರೀ ಪಟ್ಟಿಯಲ್ಲ ಅದು. ಕೆಲವರು ಬರೆಯುತ್ತಾರೆ, ಕೆಲವರು ಎದ್ದು ನಿಂತು ಪಾಠ ಒಪ್ಪಿಸುತ್ತಾರೆ, ಮೇಷ್ಟ್ರು ತಪ್ಪು ತಿದ್ದುತ್ತಾರೆ. ಹರಟೆ ಹೊಡೆಯುವವರೂ ಇದ್ದಾರೆ, ಅವರಿಗೆ ಬೆತ್ತವೂ! (ಬೆತ್ತವೊಂದನ್ನು ಬಿಟ್ಟಿದ್ದರೆ ಚೆನ್ನಿತ್ತು.) ವಸ್ತುವಿನ ಹೆಸರಿನ ಜೊತೆಗೇ ಮಾಡುವ ಕೆಲಸವೂ ಕಣ್ಣಿಗೆ ಬೀಳುತ್ತದೆ. ಹೊಸಬರಿಗೆ ಕನ್ನಡ ಕಲಿಸುವವರು ತಮ್ಮ ತರಗತಿಯದೇ ಇಂಥದೊಂದು ಚಿತ್ರ ಬರೆದು ಅಂಕಿ ಹಚ್ಚಿ ನೋಡಲಿ.