ಬಿಚ್ಚಲೆಂದೇ ಮಾಡಿದ ಫ್ರೇಮು

ಜಾಗ್ವಾರ್ ಇ-ಟೈಪ್ ಬಗ್ಗೆ ಬರೆದವರು ಅದರ ಉದ್ದನೆಯ ಬಾನೆಟ್ಟನ್ನು ಹೊಗಳಿ ದಣಿದಿಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1996ರಲ್ಲಿ ಒಂದು ನೀಲಿ ರೋಡ್‌ಸ್ಟರನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡದ್ದೂ ಆ ಮೈಮಾಟಕ್ಕೆ ಮನಸೋತೇ. ನನಗೆ ಮಾತ್ರ ಆ ಕಾರಿನ ಜಾಣ್ಮೆ ಪೂರ್ತಿ ಕಾಣುವುದು ಬಾನೆಟ್ ಎತ್ತಿದ ಮೇಲೆ. ಕೂರುವ ಜಾಗ ಮತ್ತು ಹಿಂಭಾಗವೆಲ್ಲ ತೆಳು ಉಕ್ಕಿನ ತಗಡಿನಿಂದ ಕಟ್ಟಿದ ಒಂದೇ ಗೂಡು. ಅದು ಎಂಜಿನ್ನಿನ ಹಿಂದಿರುವ ಬಲ್ಕ್‌ಹೆಡ್ಡಿಗೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಚಾಸಿ ಎಂಬುದೇ ಇಲ್ಲ. ಚೌಕ ಕೊಳವೆಗಳಿಂದ ಮಾಡಿದ ಎರಡು ಫ್ರೇಮುಗಳು ಎಡಕ್ಕೊಂದು ಬಲಕ್ಕೊಂದು ಬೋಲ್ಟಿನಲ್ಲಿ ನಿಂತಿವೆ. ಅವುಗಳ ತುದಿಯನ್ನು ಸೇರಿಸುವ ಅಡ್ಡ ಚೌಕಟ್ಟಿಗೆ ರಿಪೇರಿಯವರು ಪಿಕ್ಚರ್ ಫ್ರೇಮ್ ಎನ್ನುತ್ತಾರೆ. ಅದರ ಮುಂದೆ ಬಾನೆಟ್ಟಿನ ಕೀಲು ಹಿಡಿಯುವ ಇನ್ನೊಂದು ಹಗುರ ಫ್ರೇಮು. ಎಂಜಿನ್ನು, ಮುಂದಿನ ಸಸ್ಪೆನ್ಷನ್ನು, ಸ್ಟೀರಿಂಗು, ಎಲ್ಲದರ ಭಾರ ಈ ಕೊಳವೆಗಳ ಮೇಲೆ.

ಈ ಏರ್ಪಾಡು ಬಂದದ್ದು ರೇಸಿನ ಅಂಗಳದಿಂದ. ಜಾಗ್ವಾರ್‌ನ ಡಿ-ಟೈಪ್ 1954ರಲ್ಲಿ ಮೊದಲು ಓಡಿದಾಗ ಮುಂದಿನ ಫ್ರೇಮನ್ನು ಹಗುರ ಮಿಶ್ರಲೋಹದಲ್ಲಿ ಮಾಡಿ ಗೂಡಿಗೇ ವೆಲ್ಡ್ ಮಾಡಿದ್ದರು. ಮೂತಿಗೆ ಪೆಟ್ಟು ಬಿದ್ದರೆ ಇಡೀ ಕಾರಿಗೇ ಕೈಹಾಕಬೇಕಾಗಿತ್ತು. 1955ರ ಕಾರುಗಳಿಗೆ ಉಕ್ಕಿನ ಫ್ರೇಮು ಬಂತು, ವೆಲ್ಡಿನ ಜಾಗಕ್ಕೆ ಬೋಲ್ಟು ಬಂತು. ಪೆಟ್ಟು ಬಿದ್ದದ್ದನ್ನು ಬಿಚ್ಚಿ ಬೇರೆಯದನ್ನು ಹಾಕಿ ಎಂಬುದು ಆ ಬೋಲ್ಟುಗಳ ಅರ್ಥ. ಡಿ-ಟೈಪಿಗೂ ಇ-ಟೈಪಿಗೂ ರೂಪ ಕೊಟ್ಟ ಮಾಲ್ಕಮ್ ಸೇಯರ್ ಹೆಸರು ಎಲ್ಲರ ಬಾಯಲ್ಲಿದೆ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ತೆರೆ ಸರಿಸಿದ ಇ-ಟೈಪಿನೊಳಗೆ ಈ ರಿಪೇರಿಯ ಬುದ್ಧಿಯೂ ಕೂತಿತ್ತು ಎಂಬುದನ್ನು ನೆನೆಯುವವರು ಕಡಿಮೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಂದು ಈ ಕಾರುಗಳ ಮುಂದಿನ ಫ್ರೇಮು ಬಗ್ಗಿದಾಗಲೋ ತುಕ್ಕು ಹಿಡಿದಾಗಲೋ ನಡೆಯುವ ರಿಪೇರಿಯಲ್ಲಿ ಒಂದು ದೊಡ್ಡ ಪಾಲು, ಮಾಡಿದವರ ಉದ್ದೇಶಕ್ಕೇ ವಿರುದ್ಧವಾಗಿದೆ. ಹಳೆಯದನ್ನು ಉಳಿಸುವ ಹೆಸರಿನಲ್ಲಿ ಬಗ್ಗಿದ ಕೊಳವೆಯನ್ನು ಎಳೆದು ನೇರ ಮಾಡುತ್ತಾರೆ, ತೂತು ಬಿದ್ದಲ್ಲಿ ತೇಪೆ ಹಾಕುತ್ತಾರೆ.

ನೇರ ಮಾಡುವುದನ್ನು ನಾನು ಒಪ್ಪುವುದಿಲ್ಲ. ತೆಳು ಗೋಡೆಯ ಕೊಳವೆ ಬಗ್ಗುವಾಗ ಒಳಮಗ್ಗುಲು ಸುಕ್ಕುಗಟ್ಟುತ್ತದೆ, ಹೊರಮಗ್ಗುಲು ಹಿಗ್ಗಿ ಇನ್ನಷ್ಟು ತೆಳುವಾಗುತ್ತದೆ. ಹಿಂದಕ್ಕೆ ಎಳೆದರೆ ಗೆರೆ ನೇರವಾದೀತು, ಕಳೆದುಹೋದ ಬಲ ಮರಳದು. ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಎಳೆದರಂತೂ ಗಟ್ಟಿ ಉಕ್ಕು ಸಾಧಾರಣ ಉಕ್ಕಿನ ಮಟ್ಟಕ್ಕೆ ಇಳಿಯುತ್ತದೆ.

ತೇಪೆಯ ಕಥೆ ಇನ್ನೂ ಸೂಕ್ಷ್ಮ. ಈ ಫ್ರೇಮುಗಳ ಕೀಲುಗಳನ್ನು ಕಾರ್ಖಾನೆಯಲ್ಲಿ ಸೇರಿಸಿದ್ದು ಕಂಚಿನ ಬೆಸುಗೆಯಿಂದ. ಕಂಚು ಸುಮಾರು 900 ಡಿಗ್ರಿಯಲ್ಲಿ ಹರಿಯುತ್ತದೆ. ಉಕ್ಕು ಕರಗಲು ಹತ್ತಿರಹತ್ತಿರ 1500 ಡಿಗ್ರಿ ಬೇಕು. ಆದ್ದರಿಂದ ಕೊಳವೆ ಕರಗದೆ ಕೀಲು ಕೂಡುತ್ತದೆ, ಒತ್ತಡ ಬಿದ್ದಾಗ ತುಸು ಮಣಿಯುತ್ತದೆ. ಈಗಿನ ಗ್ಯಾರೇಜುಗಳಲ್ಲಿ ಕೈಗೆ ಮೊದಲು ಸಿಗುವುದು ಮಿಗ್ ವೆಲ್ಡಿಂಗ್. ಹಳೆಯ ಕಂಚು ಉಳಿದಿರುವ ಕೀಲಿನ ಮೇಲೆ ಅದನ್ನು ಓಡಿಸಿದರೆ ಕರಗಿದ ತಾಮ್ರದ ಅಂಶ ಉಕ್ಕಿನ ಹರಳುಗಳ ನಡುವೆ ನುಸುಳಿ ಬಿರುಕಿಗೆ ದಾರಿ ಮಾಡುತ್ತದೆ. ಮೇಲೆ ಉಜ್ಜಿ ಬಣ್ಣ ಬಳಿದರೆ ಅದು ಯಾರಿಗೂ ಕಾಣದು. ಸಡಿಲವಾದ ಒಂದು ಬ್ರಾಕೆಟ್ಟನ್ನು, ಕಂಚಿನ ಬೆಸುಗೆ ಬಲ್ಲವರು, ಅದೇ ವಿಧಾನದಲ್ಲಿ ಕೂಡಿಸಿದರೆ ನನ್ನ ತಕರಾರಿಲ್ಲ. ಆದರೆ ತುಕ್ಕು ಕೊಳವೆಯನ್ನು ಒಳಗಿನಿಂದ ತಿಂದುಕೊಂಡು ಬಂದಿರುತ್ತದೆ. ತೂತು ಕಂಡ ಜಾಗ ತುಕ್ಕು ಹೊರಬಂದ ಜಾಗ ಮಾತ್ರ. ಅದರ ಮೇಲೊಂದು ತಗಡು ಕೂರಿಸುವುದು ರಿಪೇರಿಯಲ್ಲ, ಮುಚ್ಚಿಡುವುದು.

ಹಾಗಾದರೆ ಹೊಸ ಫ್ರೇಮು ತಂದು ಬೋಲ್ಟು ಬಿಗಿದರೆ ಮುಗಿಯಿತೇ? ಇಲ್ಲ. ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ವ್ಯತ್ಯಾಸ ಶುರುವಾಗುವುದೇ ಇಲ್ಲಿ. ಮುಂದಿನ ಪೆಟ್ಟು ಕೊಳವೆಗಳಲ್ಲೇ ನಿಲ್ಲದೆ ಬಲ್ಕ್‌ಹೆಡ್ಡಿನ ತಗಡನ್ನೂ ಎಳೆದಿರಬಹುದು. ಸೊಟ್ಟಗಾದ ಗೋಡೆಗೆ ನೇರವಾದ ಫ್ರೇಮು ಹಾಕಿದರೆ ಕಾರು ಸೊಟ್ಟಗೇ ಓಡುತ್ತದೆ. ಇನ್ನೊಂದು ಅಪಾಯ ಸಸ್ಪೆನ್ಷನ್ನಿನದು. ಇ-ಟೈಪಿನ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗಿಲ್ಲ. ಉದ್ದಕ್ಕೆ ಮಲಗಿದ ಉಕ್ಕಿನ ಸರಳುಗಳು ತಿರುಚಿಕೊಂಡು ಭಾರ ಹೊರುತ್ತವೆ. ಅವುಗಳ ಹಿಂದಿನ ತುದಿ ಬಲ್ಕ್‌ಹೆಡ್ಡಿನ ಕೆಳಗಿನ ರಿಯಾಕ್ಷನ್ ಪ್ಲೇಟಿಗೆ ಕಟ್ಟಿದೆ. ಸರಳಿನ ಬಿಗಿ ಇಳಿಸದೆ ಆ ಪ್ಲೇಟಿನ ಬೋಲ್ಟು ಸಡಿಲಿಸಿದರೆ ತಿರುಚಿನ ಬಲ ಪ್ಲೇಟನ್ನು ಎಳೆದು, ತೂತುಗಳು ಮತ್ತೆ ಒಂದಕ್ಕೊಂದು ಕೂಡದಂತೆ ಮಾಡಿಬಿಡುತ್ತದೆ. ಎಡಬಲದ ಸರಳುಗಳನ್ನು ಅದಲುಬದಲು ಮಾಡುವಂತೆಯೂ ಇಲ್ಲ.

ಆದ್ದರಿಂದ ಗೂಡಿಗೆ ಕೆಳಗಿನಿಂದ ಆಸರೆ ಕೊಟ್ಟು, ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ಕೂರಿಸಿ, ಮೂಲೆಯಿಂದ ಮೂಲೆಗೆ ಅಳೆದು, ಆಮೇಲೆ ಬಿಗಿಯುವವರ ಕೆಲಸವನ್ನೇ ನಾನು ರಿಪೇರಿ ಎಂದು ಕರೆಯುವುದು. ಬಣ್ಣಕ್ಕೆ ಮೊದಲು ಬಾನೆಟ್ಟನ್ನು ಒಮ್ಮೆ ಏರಿಸಿ ನೋಡುವುದಂತೂ ತಪ್ಪಲೇಬಾರದು. ಬಾಗಿಲಿನ ಮುಂದೆ ಎಡಕ್ಕೂ ಬಲಕ್ಕೂ ಸಂದು ಸಮನಾಗಿ ಬರದಿದ್ದರೆ ತಪ್ಪು ಬಾನೆಟ್ಟಿನದಲ್ಲ, ಫ್ರೇಮಿನದು. ಕೀಲು ಒತ್ತಿ, ತೂತು ಅಗಲಿಸಿ ಸಂದು ಸರಿಮಾಡಿದ ಕಾರುಗಳು ಮೇಳಗಳಲ್ಲಿ ಬಹುಮಾನ ಪಡೆಯುವುದು ನನಗೆ ಬೇಸರದ ಸಂಗತಿ.

ಇಷ್ಟೆಲ್ಲ ತಿಳಿದವರೂ ಹಳೆಯ ಕೊಳವೆಗೇ ಏಕೆ ಅಂಟಿಕೊಳ್ಳುತ್ತಾರೆ? ಕಾರಿನ ಚಾಸಿ ನಂಬರು ಕೊರೆದಿರುವುದು ಪಿಕ್ಚರ್ ಫ್ರೇಮಿನ ಬಲಭಾಗದ ಮೇಲೆ, ಶಾಕ್ ಅಬ್ಸಾರ್ಬರ್ ಕೂರುವಲ್ಲಿ. ಅಪಘಾತದಲ್ಲಿ ಮೊದಲು ಬಗ್ಗುವ ಭಾಗಗಳಲ್ಲಿ ಅದೂ ಒಂದು. ಬದಲಿಸಲೆಂದು ಮಾಡಿದ ತುಂಡಿನ ಮೇಲೇ ಕಾರಿನ ಗುರುತು ಬರೆದದ್ದು ಈ ವಿನ್ಯಾಸದ ದೊಡ್ಡ ದೋಷ. ಮಾರುಕಟ್ಟೆ ಆ ನಂಬರನ್ನು ಪೂಜಿಸುತ್ತದೆ. ಕಂಪನಿಯೂ ಹೊರತಲ್ಲ. 1963ರಲ್ಲಿ 18 ಹಗುರ ಇ-ಟೈಪುಗಳನ್ನು ಯೋಜಿಸಿ 12ನ್ನು ಮಾತ್ರ ಕಟ್ಟಿದ್ದ ಜಾಗ್ವಾರ್, ಬಳಸದೆ ಉಳಿದ 6 ನಂಬರುಗಳನ್ನು ಹಿಡಿದು 2014ರಲ್ಲಿ ಹೊಸದಾಗಿ ಕಾರು ಕಟ್ಟಲು ಹೊರಟಿತು. ಕಾರಿಲ್ಲದ ನಂಬರಿಗೆ ಇಷ್ಟು ಬೆಲೆಯಿದ್ದರೆ, ನಂಬರಿರುವ ತುಕ್ಕು ಕೊಳವೆಯನ್ನು ಬಿಸಾಡಲು ಯಾರ ಕೈ ತಾನೇ ಬಂದೀತು?

ನನ್ನ ನಿಲುವು ಇಷ್ಟು. ಪಕ್ಕದ ಎರಡು ಫ್ರೇಮುಗಳಿಗೆ ನಂಬರಿನ ಹಂಗಿಲ್ಲ. ಬಗ್ಗಿದ್ದರೆ, ಬಿರುಕಿದ್ದರೆ, ಒಳಗೆ ತುಕ್ಕಿದ್ದರೆ ಅವನ್ನು ಬದಲಿಸಲು ಹಿಂಜರಿಯಬಾರದು. ಪಿಕ್ಚರ್ ಫ್ರೇಮನ್ನು ಮಾತ್ರ ಅವಸರದಲ್ಲಿ ಬಿಸಾಡಬೇಡಿ. ಮರಳು ಹೊಡೆದರೆ ಸಣ್ಣ ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ರಾಸಾಯನಿಕದಲ್ಲಿ ಬಣ್ಣ ತೆಗೆದು, ಬಿರುಕು ತೋರಿಸುವ ಬಣ್ಣದ ದ್ರವ ಹಚ್ಚಿ ಪರೀಕ್ಷಿಸಿ. ಗಟ್ಟಿಯಿದ್ದರೆ ಅದನ್ನೇ ಉಳಿಸಿ. ಇಲ್ಲವಾದರೆ ಹೊಸದನ್ನು ಹಾಕಿ, ನಂಬರಿನ ವಿಷಯದಲ್ಲಿ ಆ ದೇಶದ ಕಾನೂನು ಹೇಳಿದಂತೆ ನಡೆದು, ಹಳೆಯ ತುಂಡನ್ನು ಫೋಟೋ ಮತ್ತು ಬಿಲ್ಲುಗಳ ಜೊತೆ ಕಾರಿನೊಂದಿಗೇ ಇಡಿ. ಕೊಳ್ಳುವವರಿಗೂ ಒಂದು ಮಾತು: ಹೊಸ ಫ್ರೇಮು ಹಾಕಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಹಳೆಯ ತುಂಡನ್ನು ತಂದು ತೋರಿಸುವವರ ಕಾರಿಗೆ ಬೆಲೆ ಇಳಿಸಬೇಡಿ, ಸಾಧ್ಯವಾದರೆ ಹೆಚ್ಚೇ ಕೊಡಿ.